ಗೋಣಿಯೊಳಗಿನ ದವಡೆ

ಕಾಪುವಿನ ಬಸ್ಸಿನಲ್ಲಿ ಪಾಸ್ಕಲ್ಲನಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು. ಆದರೆ ಹೊರಗೆ ನೋಡುವ ವ್ಯವಧಾನ ಯಾರಿಗುಂಟು? ಉದ್ಯಾವರ ದಾಟುವಾಗ ತಡೆಯಲಾರದೆ ಕಂಡಕ್ಟರನಿಗೇ ಹೇಳಿಬಿಟ್ಟ: "ನನ್ನ ಮಗನ ಹೆಸರು ಮ್ಯೂಸಿಯಮ್ಮಿನಲ್ಲಿ ಬರೆಯುತ್ತಾರಂತೆ ಮಾರಾಯ."

"ಭಾರಿ ಒಳ್ಳೆಯದಾಯಿತು ಅಂಕಲ್. ಸ್ವಲ್ಪ ಜರಗಿ, ಈ ಅಮ್ಮನಿಗೂ ಜಾಗ ಬೇಕಲ್ವಾ?"

ಪಾಸ್ಕಲ್ ಜರಗಿದ. ಕಣ್ಣು ತೋರಿಸಲಿಕ್ಕೆಂದು ಮಣಿಪಾಲಕ್ಕೆ ಹೋದವನು ಅವನು. ಪೊರೆ ತೆಗೆಸಿಕೊಂಡ ಮೇಲೆ ಇದು ಕೊನೆಯ ತಪಾಸಣೆ. ಆಸ್ಪತ್ರೆಯಿಂದ ಹಿಂದೆ ಬರುವಾಗ ಒಂದು ಸಭಾಂಗಣದ ಬಾಗಿಲಲ್ಲಿ, ಅಳಿದುಹೋದ ಮೃಗಗಳ ಬಗ್ಗೆ ಭಾಷಣವೆಂದು ಬೋರ್ಡು. ಬೋರ್ಡಿನಲ್ಲಿದ್ದ ದವಡೆಯ ಚಿತ್ರ ಕಂಡು ಅವನ ಕಾಲು ಅಲ್ಲೇ ನಿಂತಿತು.

ಭಾಷಣ ಮುಗಿದ ಮೇಲೆ ಮಾತಾಡಿದ ಭವ್ಯಶ್ರೀ ಎಂಬ ವಿಜ್ಞಾನಿ ಹುಡುಗಿಯ ಮುಂದೆ ನಿಂತು, "ಇಂಥದ್ದು ನಮ್ಮ ಮನೆಯಲ್ಲಿ ಉಂಟು" ಅಂದ.

"ಎಲ್ಲರ ಮನೆಯಲ್ಲೂ ಇರುತ್ತದೆ ಅಂಕಲ್. ತಂದು ನೋಡಿದರೆ ಎತ್ತಿನದ್ದು!" ಎಂದು ಅವಳು ನಕ್ಕಳು. ಅವನ ಮೊಬೈಲಿನಲ್ಲಿದ್ದ ಫೋಟೋ ನೋಡಿದ ಮೇಲೆ ನಗಲಿಲ್ಲ. "ಇದು ಎಲ್ಲಿ ಸಿಕ್ಕಿತು?"

ಎಲ್ಲಿ ಸಿಕ್ಕಿತು? ಅಬುಧಾಬಿಯ ಮರಳುಗಾಡಿನಲ್ಲಿ. ಮಗ ಡೆನ್ವರ್ ಅಲ್ಲಿ ಸರ್ವೆ ಕ್ಯಾಂಪಿಗೆ ನೀರಿನ ಟ್ಯಾಂಕರ್ ಓಡಿಸುತ್ತಿದ್ದ. ರಜೆಗೆ ಬಂದಾಗ ಟವೆಲ್ಲಿನಲ್ಲಿ ಸುತ್ತಿ ತಂದಿದ್ದ. "ಪಪ್ಪಾ, ಮಮ್ಮಿಗೆ ತೋರಿಸಬೇಡ. ಸತ್ತ ಪ್ರಾಣಿಯದ್ದು ಮನೆಯೊಳಗೆ ಬೇಡ ಅಂತ ತೋಡಿಗೆ ಎಸೆದಾಳು. ಮುಂದಿನ ಸಲ ಬಂದಾಗ ಯಾರಿಗಾದರೂ ತೋರಿಸುವ." ಮುಂದಿನ ಸಲ ಅವನು ಬಂದದ್ದು ಪೆಟ್ಟಿಗೆಯಲ್ಲಿ. ಟ್ಯಾಂಕರ್ ಮಗುಚಿತ್ತು.

ಭವ್ಯಶ್ರೀ ನಿಧಾನವಾಗಿ ವಿವರಿಸಿದಳು. ಕತ್ತೆಕಿರುಬಗಳ ಹಳೆಯ ಸಂಬಂಧಿ ಇರಬಹುದು, ಲಕ್ಷಗಟ್ಟಲೆ ವರ್ಷಗಳ ಹಿಂದಿನದ್ದು. ಈಗಿನವುಗಳ ಹಾಗೆ ಎಲುಬು ಜಗಿಯುವ ಜಾತಿಯಲ್ಲ, ಉದ್ದ ಕಾಲಿನ, ಓಡುವ ಜಾತಿ. ಸಂತಾನವೇ ಇಲ್ಲದ ಹಾಗೆ ಅಳಿದುಹೋಯಿತು. "ಫೋಟೋದಿಂದ ಏನೂ ಹೇಳಲಾಗುವುದಿಲ್ಲ ಅಂಕಲ್, ಹಲ್ಲುಗಳನ್ನು ಕೈಯಲ್ಲಿ ಹಿಡಿದು ನೋಡಬೇಕು. ನಿಜವಾದರೆ ಆ ದೇಶದ ಮ್ಯೂಸಿಯಮ್ಮಿಗೇ ವಾಪಸು ಕೊಡಬೇಕಾಗುತ್ತದೆ. ಆದರೆ ಹುಡುಕಿದವರ ಹೆಸರು ಅದರ ಜೊತೆಗೆ ಇರುತ್ತದೆ, ಎಂದೆಂದಿಗೂ. ನಾಳೆಯೇ ಬರುತ್ತೇನೆ."

ಎಂದೆಂದಿಗೂ! ಬಸ್ಸಿಳಿದು ಮನೆಯ ದಾರಿ ಹಿಡಿದವನಿಗೆ ಅದೊಂದೇ ಮಾತು.

ದವಡೆ ಇದ್ದದ್ದು ಕೊಟ್ಟಿಗೆಯ ಹಿಂದಿನ ಗೋಣಿಯಲ್ಲಿ. ಶಂಕರಪುರದ ಕಡೆ ಮಲ್ಲಿಗೆ ಬೆಳೆಯುವವರ ಮನೆಯಲ್ಲಿ ಇಂಥದ್ದೊಂದು ಗೋಣಿ ಇರುತ್ತದೆ. ಮಾಂಸದಂಗಡಿಯ ಎಲುಬು ತಂದು ಒಣಗಿಸಿ, ಗುದ್ದಿ ಪುಡಿಮಾಡಿ ಗಿಡದ ಬುಡಕ್ಕೆ ಹಾಕುವುದು. ಡೆನ್ವರನ ಅಂಗಿ, ವಾಚು, ಅರ್ಧ ಸವೆದ ಸಾಬೂನು ಎಲ್ಲವನ್ನೂ ಹೆಂಡತಿ ಜೆರ್ಟ್ರೂಡ್ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದಳು. ತನಗೂ ಅವನದೊಂದು ಬೇಡವೇ? ಸುಣ್ಣದ ಹಾಗೆ ಬೆಳ್ಳಗಿದ್ದ ಆ ದವಡೆಯನ್ನು ಪಾಸ್ಕಲ್ ಎಲುಬುಗಳ ನಡುವೆಯೇ ಅಡಗಿಸಿದ. ಯಾರು ಕೇಳುತ್ತಾರೆ? ಗುದ್ದುವುದು ಯಾವಾಗಲೂ ಅವನದೇ ಕೆಲಸ.

ಗೋಣಿ ಬೇಲಿಯ ಮೇಲೆ ಒಣಗುತ್ತಿತ್ತು. ಖಾಲಿ.

"ಬಂದಿರಾ? ಡಾಕ್ಟರು ಎಂತ ಹೇಳಿದರು?" ಜೆರ್ಟ್ರೂಡ್ ಸೆರಗಿನಲ್ಲಿ ಕೈ ಒರೆಸುತ್ತಾ ಬಂದಳು. "ನೀವು ಬಗ್ಗಬಾರದು, ಭಾರ ಎತ್ತಬಾರದು ಅಲ್ವಾ. ಅದಕ್ಕೆ ನಾನೇ ಗುದ್ದಿ ಮುಗಿಸಿದೆ, ಸೆಗಣಿ ನೀರಲ್ಲಿ ಕಲಸಿ ಬುಡಕ್ಕೂ ಹಾಕಿದೆ. ಕೈಯೇ ಬಿದ್ದುಹೋಯಿತು ಮಾರಾಯ್ರೆ. ಒಂದು ದವಡೆ ಮಾತ್ರ ಭಾರಿ ಹಟದ್ದು, ಕೊಡಲಿ ತಿರುಗಿಸಿ ಹೊಡೆಯಬೇಕಾಯಿತು."

ಪಾಸ್ಕಲ್ ಅಕ್ಕಿ ಜಾಲಿಸುವ ಜರಡಿ ತಂದು ಮೊದಲ ಗಿಡದ ಬುಡದಲ್ಲಿ ಕೂತ.

"ಎಂತ ಹುಡುಕುವುದು?"

"ಉಂಗುರ."

"ಉಂಗುರ ಬೆರಳಲ್ಲೇ ಉಂಟಲ್ಲ, ಮಂಡೆ ಸಮ ಉಂಟಾ?"

ಅವನು ಜರಡಿ ಅಲ್ಲಾಡಿಸಿದ. ಕೆಂಪು ಮಣ್ಣು, ಸೆಗಣಿ, ಬಿಳಿ ಪುಡಿ. ಹಲ್ಲಿನ ಚೂರೊಂದು ಸಿಕ್ಕಿತು. ಹೊಸ ಕಣ್ಣಿನ ಹತ್ತಿರ ಹಿಡಿದು ನೋಡಿದ. ಎತ್ತಿನದೋ, ಅದರದೋ? ಅಂಥದೇ ಇನ್ನೊಂದು ಸಿಕ್ಕಿತು. ಮತ್ತೊಂದು. ಚೂರಿನಿಂದ ಗುರುತು ಹಿಡಿಯಲಿಕ್ಕೆ ಆಗುತ್ತದಾ ಎಂದು ಭವ್ಯಶ್ರೀಗೆ ಫೋನು ಮಾಡಿ ಕೇಳಿದ. "ಆಕಾರವೇ ಇಲ್ಲದಿದ್ದರೆ ಯಾರಿಂದಲೂ ಆಗುವುದಿಲ್ಲ ಅಂಕಲ್" ಅಂದಳು.

ಅವನು ಫೋನಿನಲ್ಲಿ ಆಡಿದ್ದನ್ನು ಕೇಳಿಸಿಕೊಂಡ ಜೆರ್ಟ್ರೂಡ್ ಎದುರಿಗೆ ಬಂದು ಕುಕ್ಕರಿಸಿದಳು. "ನಿಜ ಹೇಳಿ."

"ಡೆನ್ವರ್ ಕೊಟ್ಟದ್ದು. ಆ ದವಡೆ."

ಅವಳು ಅಳಲಿಲ್ಲ. ತನ್ನ ಅಂಗೈಯ ಬೊಬ್ಬೆಗಳನ್ನು ನೋಡಿಕೊಂಡಳು. "ಇಷ್ಟು ವರ್ಷ ಇತ್ತಾ? ನಮ್ಮ ಮನೆಯಲ್ಲೇ? ನನಗೊಂದು ಸಲ ಮುಟ್ಟಲಿಕ್ಕೆ ಕೊಡಬಹುದಿತ್ತಲ್ಲ ಪಾಸ್ಕಲ್."

ಮದುವೆಯಾದ ಮೇಲೆ ಅವಳು ಅವನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ನೀನು ಎಸೆದುಬಿಟ್ಟರೆ ಅಂತ..." ಎಂದು ಅವನು ಶುರುಮಾಡಿದ.

ಜೆರ್ಟ್ರೂಡ್ ಎದ್ದು ಮೊದಲ ಮಲ್ಲಿಗೆ ಗಿಡವನ್ನು ಎರಡೂ ಕೈಯಲ್ಲಿ ಹಿಡಿದು ಬೇರು ಸಮೇತ ಎಳೆದಳು. ಮೊಗ್ಗು ತುಂಬಿದ ಗಿಡ. ಬೇರನ್ನು ಕೊಡವಿ, ಬಿಳಿ ಪುಡಿ ಬೆರೆತ ಮಣ್ಣನ್ನು ಮಡಿಲಿಗೆ ಸುರಿದುಕೊಂಡು ಎರಡನೆಯದಕ್ಕೆ ಕೈ ಹಾಕಿದಳು. ಮೂರು ವರ್ಷ ನೀರೆರೆದು ಬೆಳೆಸಿದ ಗಿಡಗಳು ಒಂದೊಂದಾಗಿ ಮಗುಚುತ್ತಿದ್ದವು. ಪಾಸ್ಕಲ್ ಜರಡಿ ಹಿಡಿದುಕೊಂಡು ಕೂತೇ ಇದ್ದ.