ಎಂಟನೆಯ ಚಾನೆಲ್

ಇದು ಕಟ್ಟುಕಥೆಯಲ್ಲ, ವೈರು ಬಿಚ್ಚಿ ನೋಡಿದವರೇ ಹೇಳಿದ ನಿಜ.

ಊರೆಲ್ಲ ಸೌಂಡಪ್ಪ ಎಂದು ಕರೆದರೂ ಅವರದು ಸದ್ದಿಲ್ಲದ ಬದುಕು. ಟೈಲರ್ ಅಂಗಡಿಯ ಮೇಲೊಂದು ಕೋಣೆ, ಒಂದು ಕುರ್ಚಿ, ಒಂದು ಲೋಟ. ಹದಿನೆಂಟು ವರ್ಷ ಸಂಗೀತ ಕಾರ್ಯಕ್ರಮಗಳ ಸೌಂಡ್ ನೋಡಿಕೊಂಡು ಕಂಡವರ ದನಿಗಳನ್ನೆಲ್ಲ ಏರಿಸಿ ಇಳಿಸಿದ ಮನುಷ್ಯ, ತಮ್ಮ ಮಾತನ್ನು ಮಾತ್ರ ತಮ್ಮ ಕಿವಿಗಷ್ಟೇ ಹಾಕಿಕೊಳ್ಳುತ್ತಿದ್ದರು. ಈಚೆಗೆ ತಮ್ಮನ್ನು ಕರೆಯುತ್ತಿದ್ದ ನಾಲ್ವರು ಹುಡುಗರ ಬ್ಯಾಂಡಿಗೆ, ದನಿಗಳನ್ನು ಬೆರೆಸುವ ಒಂದು ಮಿಕ್ಸರ್ ಆರಿಸಿಕೊಟ್ಟು, ಒಂದು ಕಾರ್ಯಕ್ರಮ ರೆಕಾರ್ಡ್ ಮಾಡಿಕೊಟ್ಟು, ಈ ಕೆಲಸದಿಂದ ಮೆಲ್ಲಗೆ ಜಾರಿಕೊಳ್ಳುವುದೆಂದು ತೀರ್ಮಾನಿಸಿದ್ದರು. ತಾವು ಬರದಿದ್ದರೆ ಯಾರಾದರೂ ಗಮನಿಸುತ್ತಾರೋ ಇಲ್ಲವೋ, ಅದೊಂದು ಗೊತ್ತಾಗಬೇಕಿತ್ತು.

ಸಂಗೀತ ಸಾಮಾನಿನ ಅಂಗಡಿಯಲ್ಲಿ ಎರಡು ಮಿಕ್ಸರ್‌ಗಳು ಅಕ್ಕಪಕ್ಕ ಕೂತಿದ್ದವು. ಜೊತೆಗೆ ಬಂದಿದ್ದ ಬ್ಯಾಂಡಿನ ಡ್ರಮ್ಮರ್ ಯಾರ ದನಿಯನ್ನಾದರೂ ನಿಂತಲ್ಲೇ ಕದ್ದು ಅವರಂತೆಯೇ ಮಾತಾಡುವ ಆಸಾಮಿ. ಅಗ್ಗದ್ದರ ಬೆನ್ನು ತಟ್ಟಿದ.

"ಇದಕ್ಕೂ ಎಂಟು ತೂತು, ಅದಕ್ಕೂ ಎಂಟು ತೂತು. ಇದೇ ಸಾಕಲ್ವಾ ಸೌಂಡಪ್ನೋರೇ? ಜಾರ್ ಎಷ್ಟು ಕೊಡ್ತಾರೆ, ಮೂರಾ?"

"ಅದು ಅಡುಗೆಮನೆ ಮಿಕ್ಸಿ ಕಣೋ. ಆದ್ರೆ ಇದೂ ಅದೇ ಕೆಲಸ ಮಾಡುತ್ತೆ ಬಿಡು. ಎಂಟು ಜನ ಒಳಗೆ ಹೋಗ್ತಾರೆ, ಕಂಪ್ಯೂಟರಿಗೆ ಬರೋ ಹೊತ್ತಿಗೆ ಎಲ್ಲಾ ರುಬ್ಬಿ ಎರಡೇ ಟ್ರ್ಯಾಕು. ಆಮೇಲೆ ಹಾಡೋ ಹುಡುಗಿ ದನಿ ಒಂದನ್ನೇ ಏರಿಸು ಅಂದ್ರೆ ಆಗಲ್ಲ. ಇನ್ನೊಂದು ನೋಡು, ಎಂಟನ್ನೂ ಬಿಡಿಬಿಡಿಯಾಗಿ ಕಳಿಸುತ್ತೆ."

"ಅಂದ್ರೆ ಒಟ್ಟು ಕುಟುಂಬ ಒಡೆದು ಬೇರೆ ಮನೆ ಮಾಡಿಸ್ತೀರಿ!"

"ಬೇರೆ ಇದ್ರೇನೇ ಯಾರು ಏನಂದ್ರು ಅಂತ ಕೇಳ್ಸೋದು," ಎಂದು ಸೌಂಡಪ್ಪ ಎರಡನೆಯದನ್ನೇ ಕಟ್ಟಿಸಿದರು.

ಕಾರ್ಯಕ್ರಮದ ಸಂಜೆ ಗಾಯಕಿಗೆ ಒಂದು, ಗಿಟಾರಿಗೆ ಒಂದು, ಬೇಸ್ ಗಿಟಾರಿಗೆ ಒಂದು, ಡ್ರಮ್ಮಿಗೆ ನಾಲ್ಕು ಚಾನೆಲ್ ಹೋದವು.

"ಎಂಟನೇದಕ್ಕೆ ಜನರ ಚಪ್ಪಾಳೆಗೆ ಅಂತ ಒಂದು ಮೈಕ್ ಹಾಕಿದೀನಿ. ಸ್ಪೀಕರಿಗೆ ಬೇಡ, ರೆಕಾರ್ಡಿಂಗಿಗೆ ಮಾತ್ರ," ಎಂದ ಡ್ರಮ್ಮರ್.

ವಿಚಿತ್ರವೆಂದರೆ, ಜನ ಸುಮ್ಮನಿದ್ದಾಗಲೇ ಮಿಕ್ಸರಿನಲ್ಲಿ, ದನಿ ಬಂದಾಗಷ್ಟೇ ಹೊತ್ತಬೇಕಾದ ಎಂಟರ ದೀಪ ಮಿನುಗುತ್ತಿತ್ತು. "ಯಾವ ದೆವ್ವಾನಪ್ಪಾ ಇದು?" ಎಂದು ಸೌಂಡಪ್ಪ ಗೊಣಗಿದರು. ದೀಪ ಮತ್ತೆ ಮಿನುಗಿತು.

ಮರುದಿನ ರಿಹರ್ಸಲ್ ಕೋಣೆಯಲ್ಲಿ ನಾಲ್ವರನ್ನೂ ಕೂರಿಸಿಕೊಂಡು ಒಂದೊಂದೇ ಟ್ರ್ಯಾಕ್ ಕೇಳಿಸಿದರು. ಎಂಟಕ್ಕೆ ಬಂದಾಗ ಹುಡುಗರು ನಗು ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದರು. ಸ್ಪೀಕರಿನಿಂದ ವಯಸ್ಸಾದ ಗಂಡಸೊಬ್ಬನ ಪಿಸುಮಾತು ಬಂತು.

"ಪಾಪ, ಗಂಟಲು ಕಟ್ಟಿದೆ ಹುಡುಗಿಗೆ, ಒಂಚೂರು ಬಿಸಿನೀರು ಕುಡೀಬಾರ್ದಾ... ನಿಧಾನ ಕಣೋ, ರೈಲು ಹಿಡೀಬೇಕಾ ನಿಂಗೆ... ಹಾಂ, ಚೆನ್ನಾಗಿತ್ತು. ಯಾರಿಗೆ ಹೇಳೋದು? ಇರ್ಲಿ, ಇವತ್ತೇ ಕೊನೆ."

ಸೌಂಡಪ್ಪನವರ ಕೈ ಗುಂಡಿಯ ಮೇಲೇ ನಿಂತುಬಿಟ್ಟಿತು. ಹದಿನೆಂಟು ವರ್ಷದಲ್ಲಿ ಅವರು ರೆಕಾರ್ಡ್ ಮಾಡದಿದ್ದ ದನಿ ಇದೊಂದೇ, ತಮ್ಮದು. ಹಿಂದಿನ ಕಾರ್ಯಕ್ರಮಗಳಲ್ಲಿ ಅವರ ತುಟಿ ಅಲ್ಲಾಡುವುದನ್ನು ಕಂಡಿದ್ದ ಡ್ರಮ್ಮರ್ ಮೈಕನ್ನು ಅವರದೇ ಮೇಜಿನಡಿ ಅಂಟಿಸಿದ್ದ. ಆದರೆ ಆ ಕೊನೆಯ ಮಾತು ಅವನ ತಮಾಷೆಯ ಲೆಕ್ಕದಲ್ಲಿರಲಿಲ್ಲ. ಕಿಸಿಕಿಸಿ ನಿಂತಿತು.

"ಮಾಮಾ, ಏನು ಕೊನೆ?" ಎಂದಳು ಗಾಯಕಿ.

ಸೌಂಡಪ್ಪ ತಲೆ ತಗ್ಗಿಸಿ ವೈರು ಸುತ್ತತೊಡಗಿದರು. ಅವರ ಪರವಾಗಿ ಅವರದೇ ದನಿಯಲ್ಲಿ, ಅದೇ ಗೊಣಗಿನಲ್ಲಿ, ಡ್ರಮ್ಮರ್ ಗಾಬರಿಯಿಂದ ಉತ್ತರ ಕೊಟ್ಟ.

"ಏನಿಲ್ಲ ಕಣಮ್ಮಾ, ಮೈಕ್ ಎಲ್ಲಿಡ್ಬೇಕು ಅಂತಾನೂ ಗೊತ್ತಿಲ್ಲ ಈ ಕತ್ತೆಗಳಿಗೆ. ಇವರನ್ನ ಬಿಟ್ಟು ಎಲ್ಲಿಗೆ ಹೋಗ್ಲಿ?"

ಮೊದಲು ನಕ್ಕವರು ಸೌಂಡಪ್ಪ. ಹೊಟ್ಟೆ ಹಿಡಿದುಕೊಂಡು, ಕಣ್ಣೊರೆಸಿಕೊಂಡು, ಗೋಡೆ ನಡುಗುವಂತೆ ನಕ್ಕರು. ಉಳಿದವರು ಸೇರಿಕೊಂಡು ನಕ್ಕು ಮುಗಿಸಿದ ಮೇಲೂ ಅವರ ನಗು ನಿಂತಿರಲಿಲ್ಲ.