ಕ್ಯಾಮೆರಾಕ್ಕೆ ಇಟ್ಟ ಕುಂಕುಮ

ಆಯುಧಪೂಜೆಯ ದಿನ ಕಾರಿನ ಮುಂಗಾಜಿಗೆ ಅಂಟಿಸಿದ್ದ ಪುಟ್ಟ ಕ್ಯಾಮೆರಾಕ್ಕೂ ಕುಂಕುಮ ಇಟ್ಟವರು ಸರ್ವಮಂಗಳಮ್ಮನೇ. ಸ್ಟಿಯರಿಂಗಿಗೆ, ಬಾನೆಟ್ಟಿಗೆ, ನಾಲ್ಕು ಚಕ್ರಕ್ಕೆ, ಕೊನೆಗೆ ಡಿಕ್ಕಿಯಲ್ಲಿದ್ದ ಜಾಕಿಗೂ ವಿಭೂತಿ ಹಚ್ಚಿ ಕುಂಕುಮ ಇಟ್ಟಾದ ಮೇಲೆ ಅದೊಂದು ಉಳಿದುಹೋಗಿತ್ತು. ದಿನವೆಲ್ಲ ಕಣ್ಣು ಬಿಟ್ಟುಕೊಂಡು ದುಡಿಯುವುದನ್ನು ಬಿಡುವುದು ಹೇಗೆ ಎಂದು ಮುಂದಿನ ಸೀಟಿನ ಮೇಲೆ ಮಂಡಿಯೂರಿ, ಗಾಜಿಗೂ ಅದಕ್ಕೂ ನಡುವೆ ಬೆರಳು ತೂರಿಸಿ, ಅದರ ಮುಖಕ್ಕೆ ಇಟ್ಟರು. ಅದಕ್ಕಿದ್ದದ್ದು ಒಂದೇ ಕಣ್ಣು. ಕುಂಕುಮ ಬಿದ್ದದ್ದು ಅದರ ಮೇಲೆಯೇ.

ಡ್ರೈವರ್ ಮುನಿಸ್ವಾಮಿ ಮಾರನೆಯ ದಿನವೇ ಅದನ್ನು ನೋಡಿದ್ದರು. ಪೂಜೆ ಮಾಡಿದ್ದನ್ನು ಒರೆಸುವ ಮನಸ್ಸು ಅವರಿಗೂ ಬರಲಿಲ್ಲ. "ತಾನಾಗೇ ಉದುರ್ಲಿ ಬಿಡಿ ಅಮ್ಮ" ಎಂದು ಸುಮ್ಮನಾದರು.

ಅದು ಉದುರುವ ಮೊದಲೇ, ಶನಿವಾರ ಬೆಳಗ್ಗೆ, ಗಾಂಧಿಬಜಾರಿನಲ್ಲಿ ಆ ಕಾರು ಹೂವಿನ ಲಕ್ಷ್ಮೀದೇವಮ್ಮನ ಕಾಲಿನ ಮೇಲೆ ಹತ್ತಿತು.

ಸರ್ವಮಂಗಳಮ್ಮ ಆಗಷ್ಟೇ ಕಾರಿಳಿದು ಪೂಜಾ ಸಾಮಾನಿನ ಗ್ರಂಥಿಗೆ ಅಂಗಡಿಯೊಳಗೆ ಹೋಗಿದ್ದರು. ಸದ್ದು ಕೇಳಿ ಹೊರಗೆ ಬಂದಾಗ ಹೂವಿನ ಬುಟ್ಟಿ ಚಕ್ರದ ಕೆಳಗಿತ್ತು. ಮುನಿಸ್ವಾಮಿ ನೆಲದ ಮೇಲೆ ಕುಳಿತು ಲಕ್ಷ್ಮೀದೇವಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. "ಬ್ರೇಕ್ ಹಿಡೀಲಿಲ್ಲ ಅಮ್ಮ. ಒತ್ತಿದೆ, ಒತ್ತಿದೆ, ಪೆಡಲ್ ಒಳಕ್ಕೆ ಹೋಗ್ಬಿಡ್ತು" ಎಂದು ಅಷ್ಟನ್ನೇ ನಾಲ್ಕು ಸಲ ಹೇಳಿದರು.

ಬ್ರೇಕು ಹಿಡಿಯದಿರಲು ಕಾರಣವೇ ಇರಲಿಲ್ಲ. ಹಬ್ಬದ ಹಿಂದಿನ ದಿನ, ಮಂಗಳವಾರವಷ್ಟೇ, ಕಾರು ಶೋರೂಮಿನವರ ಸರ್ವಿಸ್ ಸೆಂಟರಿನಿಂದ ತೊಳೆದು ಒರೆಸಿಕೊಂಡು ಮನೆಗೆ ಬಂದಿತ್ತು. ಸರ್ವಿಸ್ ಚೀಟಿಯಲ್ಲಿ ಬ್ರೇಕ್ ಎಂದು ಬರೆದ ಕಡೆ ಹಸಿರು ಟಿಕ್ಕು ಬಿದ್ದಿತ್ತು. ಮಗ ಕೈಲಾಸ್ ಆಫೀಸಿನಿಂದಲೇ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದ. ಪೊಲೀಸರು ಫೋಟೋ ತೆಗೆದುಕೊಂಡು ಹೋದ ಮೇಲೆ, ಹೊತ್ತೊಯ್ಯುವ ಲಾರಿ ಬಂದು ಕಾರನ್ನು ಮತ್ತೆ ಅದೇ ಸರ್ವಿಸ್ ಸೆಂಟರಿಗೆ ಕೊಂಡುಹೋಯಿತು. ಅದು ತಪ್ಪಾಯಿತೇನೋ ಎಂದು ಸರ್ವಮಂಗಳಮ್ಮನಿಗೆ ಅನ್ನಿಸಿದ್ದು, ಐದು ದಿನದ ಮೇಲೆ ಅಲ್ಲಿಂದ ಸೀಲು ಹಾಕಿದ ವರದಿ ಬಂದಾಗ. ಬ್ರೇಕ್ ಸುಸ್ಥಿತಿಯಲ್ಲಿದೆ, ಚಾಲಕರು ಬ್ರೇಕ್ ಬದಲು ಆಕ್ಸಿಲರೇಟರ್ ಒತ್ತಿರುವ ಸಾಧ್ಯತೆ ಇದೆ ಎಂದು ಅದರಲ್ಲಿತ್ತು.

ಸಂಚಾರ ಠಾಣೆಯವರು ಸೋಮವಾರ ಬಂದು ಹೇಳಿಕೆ ಬರೆದುಕೊಡಿ ಎಂದಿದ್ದರು. ಅಪಘಾತವಾಗಿ ವಾರ ತುಂಬಿದ ಶನಿವಾರ ಸಂಜೆ ಚಾಮರಾಜಪೇಟೆಯ ಮನೆಯಲ್ಲಿ ಮೂವರೂ ಕೂತಿದ್ದರು.

"ಅವರದ್ದು ಕಂಪ್ಯೂಟರ್ ರಿಪೋರ್ಟು ಅಮ್ಮ. ಸುಮ್ನೆ ಬರೆಯಲ್ಲ" ಎಂದ ಕೈಲಾಸ್.

"ಸರ್ವಿಸ್ ಮಾಡಿದವರೇ ಬ್ರೇಕ್ ಸರಿಯಿದೆ ಅಂದ್ರೆ ಹೇಗೋ? ನಮ್ಮ ಕಾಲೇಜಲ್ಲಿ ಹುಡುಗೀರು ತಮ್ಮ ಪೇಪರ್ ತಾವೇ ತಿದ್ಕೊಂಡ ಹಾಗಾಯ್ತು." ಸರ್ವಮಂಗಳಮ್ಮ ಇಪ್ಪತ್ತೆಂಟು ವರ್ಷ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟವರು.

"ಮತ್ತೆ ಯಾರನ್ನ ಕೇಳ್ಬೇಕಿತ್ತು? ಮುನಿಯಣ್ಣನ ಓಕಳಿಪುರಂ ಮೆಕ್ಯಾನಿಕ್ ಆಂಜಿನಯ್ಯನ್ನಾ? ಅವನು ನಟ್ಟು ಬಿಚ್ಚಿದ್ರೆ ವಾರಂಟಿನೇ ಹೋಗ್ತಿತ್ತು."

"ಆಂಜಿನಯ್ಯ ಯಾವ ಗಾಡೀನೂ ತಾನು ಓಡಿಸಿ ನೋಡ್ದೆ ಕೊಡಲ್ಲ ಕೈಲಾಸಪ್ಪ" ಎಂದರು ಮುನಿಸ್ವಾಮಿ. ಅಷ್ಟು ಹೇಳಿ ತಲೆ ತಗ್ಗಿಸಿದರು. "ಹೋಗ್ಲಿ ಬಿಡಿ. ಇವ್ರು ಹೇಳೋದೇ ನಿಜ ಇರ್ಬೋದು."

ಸರ್ವಮಂಗಳಮ್ಮ ಅವರ ಕಡೆ ತಿರುಗಿದರು. ಮುನಿಸ್ವಾಮಿ ಸ್ಟೂಲಿನ ತುದಿಯಲ್ಲಿ ಕೂತು ಬಲಗಾಲನ್ನು ಹಿಂದಕ್ಕೆ, ಸ್ಟೂಲಿನ ಅಡಿಗೆ ಎಳೆದುಕೊಂಡಿದ್ದರು. ಒಂದು ವಾರದಿಂದ ಅವರು ಕೂರುತ್ತಿದ್ದದ್ದೇ ಹಾಗೆ.

"ಮೊದಮೊದಲು ನಾನು ಬ್ರೇಕೇ ಒತ್ತಿದ್ದು ಅಂತ ಗಟ್ಟಿಯಾಗಿ ಅನ್ನಿಸ್ತಿತ್ತು ಅಮ್ಮ. ಎಲ್ಲಾರೂ ಕೇಳಿ ಕೇಳಿ, ಈಗ ನನ್ನ ಕಾಲನ್ನ ನಾನೇ ಕೇಳ್ತೀನಿ. ಅದು ಏನೂ ಹೇಳ್ತಿಲ್ಲ."

"ಯಾರೂ ನಿಮ್ಮನ್ನ ಬೈತಿಲ್ಲ ಮುನಿಯಣ್ಣ" ಎಂದ ಕೈಲಾಸ್. ಎದ್ದು ತನ್ನ ಲೋಟದ ಕಾಫಿಯನ್ನು ಅರ್ಧ ಅವರ ಲೋಟಕ್ಕೆ ಬಗ್ಗಿಸಿದ. ಅವನಿಗೆ ಕಾರು ಕಲಿಸಿದವರೇ ಮುನಿಸ್ವಾಮಿ. "ವಯಸ್ಸು ಅರವತ್ತೊಂದಾಯ್ತು. ಕಾಲು ತಪ್ಪುತ್ತೆ, ಯಾರಿಗಾದ್ರೂ ಆಗುತ್ತೆ. ತಪ್ಪಾಯ್ತು ಅಂತ ಬರೆದುಕೊಟ್ರೆ ಬೇಗ ಮುಗಿಯುತ್ತೆ. ಆಮೇಲೆ ಆರಾಮಾಗಿ ಮನೇಲಿರಿ. ನಮ್ಮ ಮನೆಗೆ ಬರೋದು ಹೋಗೋದು ಇದ್ದೇ ಇರುತ್ತೆ."

ಪ್ರೀತಿಯಿಂದಲೇ ಹೇಳಿದ ಮಾತು. ಮುನಿಸ್ವಾಮಿ "ಆಗ್ಲಪ್ಪ" ಎಂದು ಕಾಫಿ ಕುಡಿದರು. ಬೈದಿದ್ದರೆ ತಿರುಗಿ ಒಂದು ಮಾತಾದರೂ ಆಡುತ್ತಿದ್ದರು ಎಂದುಕೊಂಡರು ಸರ್ವಮಂಗಳಮ್ಮ.

"ಕ್ಯಾಮೆರಾದಲ್ಲಿ ಏನೂ ಇಲ್ವೇನೋ?" ಎಂದು ಅವರು ಮಗನನ್ನು ಕೇಳಿದರು.

"ಕೆಂಪು ಬಿಟ್ಟು ಏನಿದೆ ಅಮ್ಮ, ನಿಮ್ಮ ಪೂಜೆ ನೋಡಿ. ಅವತ್ತೇ ನೋಡ್ದೆ, ಆಫ್ ಮಾಡ್ದೆ." ಯಾರೋ ಬೈಕಿನವನು ತಾನಾಗಿ ಬಿದ್ದು ಜಗಳ ತೆಗೆದ ಮೇಲೆ, ಸಾಕ್ಷಿಗಿರಲಿ ಎಂದು ಕೈಲಾಸನೇ ಹಾಕಿಸಿದ ಕ್ಯಾಮೆರಾ ಅದು.

ಭಾನುವಾರ ಬೆಳಗ್ಗೆ ಅವರು ಫ್ಲಾಸ್ಕಿನಲ್ಲಿ ರಾಗಿ ಗಂಜಿ ತೆಗೆದುಕೊಂಡು ಆಸ್ಪತ್ರೆಗೆ ಹೋದರು. ಲಕ್ಷ್ಮೀದೇವಮ್ಮ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಮಲಗಿದ್ದಳು. ಎಷ್ಟೋ ವರ್ಷದಿಂದ ಅವರು ಒಂದು ಮೊಳ ಕೇಳಿದರೆ ಒಂದೂವರೆ ಮೊಳ ಅಳೆದುಕೊಟ್ಟ ಕೈ ಅವಳದು.

"ನಿಮ್ಮ ಡ್ರೈವರ್ ಊಟ ಮಾಡ್ತಿದಾರಾ ಅವ್ವಾ?" ಎಂದಳು ಅವಳು. "ದಿನಾ ಬಂದು ಆ ಬಾಗ್ಲಲ್ಲಿ ನಿಂತ್ಕೊಂಡು ಹೋಗ್ತಾರೆ. ಒಳಗೆ ಬರಲ್ಲ. ಅವತ್ತು ಹಾರ್ನ್ ಹೊಡ್ಕೊಂಡೇ ಬಂದ್ರು. ಏನೋ ಕೂಗಿದ್ರು. ಬಸ್ಸಿನ ಸದ್ದಲ್ಲಿ ಏನಂತ ಕೇಳಿಸ್ಲಿಲ್ಲ. ನಾನು ಎದ್ದು ಓಡೋದು ಬಿಟ್ಟು ಬುಟ್ಟಿ ಎಳ್ಕೊಳಕ್ಕೆ ಹೋದೆ, ನೋಡಿ ನನ್ನ ಬುದ್ಧಿ."

ಕೂಗಿದ್ರು. ಆ ಮಾತು ಆಟೋದಲ್ಲಿ ಮನೆಯವರೆಗೂ ಸರ್ವಮಂಗಳಮ್ಮನ ಜೊತೆಗೆ ಬಂತು. ಕುಂಕುಮ ಬಿದ್ದದ್ದು ಕ್ಯಾಮೆರಾದ ಕಣ್ಣಿಗೆ. ಕಿವಿಗೆ ಏನೂ ಆಗಿರಲಿಲ್ಲ.

ಕೈಲಾಸ್ ಮೇಜಿನ ಖಾನೆಯಲ್ಲಿ ಬಿಸಾಕಿದ್ದ ಕ್ಯಾಮೆರಾದ ಚಿಕ್ಕ ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿ, ಶಬ್ದವನ್ನು ಪೂರ್ತಿ ಏರಿಸಿದರು. ಅದರಲ್ಲಿದ್ದ ವಿಡಿಯೊ ಒಂದೊಂದೂ ಮೂರು ನಿಮಿಷದ ತುಂಡು. ಅಪಘಾತದ ಶನಿವಾರದ ಕೊನೆಯ ತುಂಡಿನಲ್ಲಿ ತೆರೆಯ ತುಂಬ ದಾಸವಾಳದ ಬಣ್ಣ. ಒಳಗೆ ಮುನಿಸ್ವಾಮಿ ಯಾರಿಗೋ "ದಾಟಮ್ಮ ದಾಟು, ನಿಧಾನ" ಎಂದರು. ಆಮೇಲೆ ಧಪ್ ಎಂದು ಪೆಡಲಿನ ಸದ್ದು. ಮತ್ತೆ ಧಪ್. ಧಪ್ ಧಪ್ ಧಪ್. ಹಾರ್ನು ಬಿಡದೆ ಕೂಗಿತು. "ಬ್ರೇಕ್ ಇಲ್ಲ, ಏಳಮ್ಮಾ, ಏಳು, ಏಳು." ಅಷ್ಟು ಹೊತ್ತೂ ಎಂಜಿನ್ನು ತನ್ನ ಪಾಡಿಗೆ ಸಣ್ಣಗೆ ಗುಂಯ್ ಎನ್ನುತ್ತಲೇ ಇತ್ತು. ಆಕ್ಸಿಲರೇಟರ್ ಒತ್ತಿದ್ದರೆ ಅದು ಅರಚಿಕೊಳ್ಳಬೇಕಿತ್ತು. ಇಷ್ಟು ತಿಳಿಯಲು ಭೌತಶಾಸ್ತ್ರವೂ ಬೇಕಿರಲಿಲ್ಲ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಲ್ಯಾಬಿನಲ್ಲಿ ಒಂದು ಅಳತೆ ಸಿಕ್ಕರೆ ಇನ್ನೊಮ್ಮೆ ಅಳೆದು ನೋಡುವ ಅಭ್ಯಾಸ ಅವರದು. ಹಿಂದಕ್ಕೆ ಹೋಗುತ್ತಾ, ಕಾರು ಸರ್ವಿಸ್‌ಗೆ ಹೋಗಿದ್ದ ಮಂಗಳವಾರದ ತುಂಡುಗಳನ್ನು ತೆರೆದರು. ಪೂಜೆಗೆ ಮುಂಚಿನ ಚಿತ್ರ, ಸ್ವಚ್ಛವಾಗಿತ್ತು. ಸರ್ವಿಸ್ ಸೆಂಟರಿನ ಬಿಳಿ ಗೋಡೆ. ಕಾರಿನೊಳಗೆ ಕೂತ ಯಾರೋ ಮೆಕ್ಯಾನಿಕ್ಕಿನ ಗಂಡುದನಿ: "ಮೇಡಂ, ಪೆಡಲ್ ಒಳಗೆ ಇಳೀತಿದೆ. ಎಲ್ಲೋ ಬ್ರೇಕ್ ಆಯಿಲ್ ಲೀಕ್ ಆಗ್ತಿರ್ಬೇಕು. ಚಕ್ರ ಬಿಚ್ಚಿ ನೋಡ್ಬೇಕು."

ಬಾನೆಟ್ಟಿನ ಮುಂದೆ ನಡೆದು ಬಂದು ಕಿಟಕಿಗೆ ಬಗ್ಗಿದವಳು ಪೂಜಿತಾ. ಸರ್ವಮಂಗಳಮ್ಮನಿಗೆ ಅವಳ ಗುರುತು ಚೆನ್ನಾಗಿಯೇ ಇತ್ತು. ಅಲ್ಲಿ ಸರ್ವಿಸ್‌ಗೆ ಬಂದ ಗಾಡಿಗಳ ವಿವರ ಬರೆದುಕೊಳ್ಳುವ ಹುಡುಗಿ. ಅವತ್ತು ಅವರಿಗೆ ಫ್ಯಾನಿನ ಕೆಳಗೆ ಕುರ್ಚಿ ಹಾಕಿಸಿ, ಬೆನ್ನಿಗೆ ದಿಂಬು ಹುಡುಕಿ ತಂದವಳು.

"ಈಗ ಬಿಚ್ಚಿದ್ರೆ ಇವತ್ತು ಕೊಡೋಕಾಗಲ್ಲ" ಎನ್ನುತ್ತಿದ್ದಳು ಪೂಜಿತಾ. "ಆ ಅಜ್ಜಿ ಪಾಪ ಎರಡು ಸಲ ಕೇಳಿದ್ರು, ಪೂಜೆಗೆ ಗಾಡಿ ಮನೇಲಿರ್ಬೇಕಮ್ಮ ಅಂತ. ನಾನು ಮಾತು ಕೊಟ್ಟಿದೀನಿ. ಆಯಿಲ್ ತುಂಬಿಸಿ ಕಳಿಸಿ. ಟಿಕ್ ಹಾಕ್ಬಿಡಿ. ಹಬ್ಬ ಆದ್ಮೇಲೆ ನಾನೇ ಫೋನ್ ಮಾಡಿ ಕರೆಸ್ತೀನಿ."

ಸರ್ವಮಂಗಳಮ್ಮ ಲ್ಯಾಪ್‌ಟಾಪಿನ ಮುಚ್ಚಳ ಇಳಿಸಿದರು. ಅಡುಗೆಮನೆಗೆ ಹೋಗಿ ನೀರು ಕುಡಿಯದೆ ಹಾಗೇ ನಿಂತರು. ಎರಡು ಸಲ ಕೇಳಿದ್ದು ನಿಜ. ಎರಡನೆಯ ಸಲ ಕೇಳುವಾಗ ಆ ಹುಡುಗಿಯ ಕೈ ಹಿಡಿದುಕೊಂಡಿದ್ದರು.

ಮಧ್ಯಾಹ್ನ ಕೈಲಾಸ್ ಎರಡೂ ತುಂಡುಗಳನ್ನು ಕೇಳಿದ. ಮೊದಲನೆಯದು ಮುಗಿದಾಗ ಎದ್ದು ಬಾಲ್ಕನಿಗೆ ಹೋಗಿ ಸ್ವಲ್ಪ ಹೊತ್ತು ಬೀದಿ ನೋಡುತ್ತಾ ನಿಂತು ಬಂದ. "ಮುನಿಯಣ್ಣಂಗೆ ನಾನೇ ಹೇಳ್ತೀನಿ" ಎಂದ. ಎರಡನೆಯದು ಮುಗಿದಾಗ ಅವನ ಮುಖ ಕೆಂಪಾಯಿತು. "ಇವಳನ್ನ ಬಿಡಬಾರದು ಅಮ್ಮ."

"ಆ ಅಜ್ಜಿ ಅಂದ್ಲಲ್ಲ, ಅದು ಯಾರು ಅಂತ ಗೊತ್ತಾಯ್ತೇನೋ?" ಎಂದರು ಸರ್ವಮಂಗಳಮ್ಮ.

ಸರ್ವಿಸ್ ಚೀಟಿಯ ಮೇಲೆ ಪೂಜಿತಾಳ ನಂಬರಿತ್ತು. ಅವಳು ಒಂದೇ ರಿಂಗಿಗೆ ಎತ್ತಿದಳು.

"ಪೂಜಿತಾ, ನಾನು ಚಾಮರಾಜಪೇಟೆ ಅಜ್ಜಿ. ನಮ್ಮ ಕಾರಿನ ಕ್ಯಾಮೆರಾದಲ್ಲಿ ನಿನ್ನ ಮಾತಿದೆ. ಮಂಗಳವಾರದ್ದು."

ಆ ಕಡೆ ಟಿ.ವಿ.ಯ ಸದ್ದು ನಿಂತಿತು. ಎಲ್ಲೋ ಕುಕ್ಕರ್ ಒಂದು ಕೂಗು ಹಾಕಿತು.

"ಹಬ್ಬ ಮುಗಿದ ಶುಕ್ರವಾರಾನೇ ನಾನು ಫೋನ್ ಮಾಡಿದ್ದೆ ಅಜ್ಜಿ" ಎಂದಳು ಅವಳು ಕೊನೆಗೆ. "ಆಫೀಸ್ ನಂಬರಿಂದ, ಎರಡು ಸಲ. ನೀವು ಕಟ್ ಮಾಡಿದ್ರಿ."

ಸರ್ವಮಂಗಳಮ್ಮನಿಗೆ ನೆನಪಾಯಿತು. ಸರ್ವಿಸ್ ಆದ ಮೇಲೆ ಪ್ರತಿ ಸಲವೂ ಆ ನಂಬರಿನಿಂದ ಯಾರೋ ಫೋನ್ ಮಾಡಿ, ನಮ್ಮ ಸರ್ವಿಸ್‌ಗೆ ಹತ್ತಕ್ಕೆ ಹತ್ತು ಅಂಕ ಕೊಡಿ ಮೇಡಂ ಎಂದು ಗೋಗರೆಯುತ್ತಿದ್ದರು. ಅದೇ ಇರಬೇಕೆಂದು ತರಕಾರಿ ಹೆಚ್ಚುತ್ತಾ ಕಟ್ ಮಾಡಿದ್ದರು.

"ಹೌದಮ್ಮ. ಕಟ್ ಮಾಡಿದೆ."

"ಹೂವಿನ ಅಮ್ಮ ಹೇಗಿದಾರೆ?"

"ಕಾಲಿಗೆ ರಾಡ್ ಹಾಕಿದಾರೆ. ಇನ್ನು ಮೂರು ತಿಂಗಳು ನೆಲದ ಮೇಲೆ ಕೂತು ಹೂ ಕಟ್ಟೋ ಹಾಗಿಲ್ಲ."

"ಗಾಡಿ ವಾಪಸ್ ಬಂದಾಗ ನಾನು ಹೇಳ್ದೆ ಅಜ್ಜಿ, ಹೀಗ್ಹೀಗೆ ಅಂತ. ಮ್ಯಾನೇಜರ್ ಸರ್ ಫೈಲ್ ತಾವೇ ಇಟ್ಕೊಂಡ್ರು. ನೀನು ಬಾಯಿ ಮುಚ್ಕೊಂಡಿರು ಅಂದ್ರು."

"ನಾಳೆ ಹತ್ತು ಗಂಟೆಗೆ ನಾನು ಈ ಕಾರ್ಡನ್ನ ಠಾಣೆಗೆ ಕೊಡ್ತೀನಿ. ನಿನಗೆ ಗೊತ್ತಿಲ್ದೆ ಕೊಡಬಾರದು ಅಂತ ಫೋನ್ ಮಾಡಿದೆ. ನಾನು ಎರಡು ಸಲ ಅವಸರ ಮಾಡಿದ್ದು, ನಿನ್ನ ಫೋನ್ ಕಟ್ ಮಾಡಿದ್ದು, ಎರಡನ್ನೂ ನನ್ನ ಕೈಯಾರೆ ಬರೆದುಕೊಡ್ತೀನಿ. ನೀನೂ ಬಂದು ನಿಂದು ಹೇಳಿದ್ರೆ ಒಳ್ಳೇದು."

"ಕೆಲಸ ಹೋಗುತ್ತೆ ಅಜ್ಜಿ."

ಹೋಗಲ್ಲ ಬಿಡು ಎನ್ನುವ ಮಾತು ಸರ್ವಮಂಗಳಮ್ಮನ ನಾಲಿಗೆಯ ತುದಿಗೆ ಬಂದಿತ್ತು. ಇನ್ನೊಂದು ಸಿಹಿ ಮಾತನ್ನು ಆಡಲು ಅವರಿಗೆ ಭಯವಾಯಿತು. "ಹೋಗಬಹುದು" ಎಂದರು.

"ಬರ್ತೀನೋ ಇಲ್ವೋ ಗೊತ್ತಿಲ್ಲ" ಎಂದು ಪೂಜಿತಾ ಫೋನ್ ಇಟ್ಟಳು.

ಸೋಮವಾರ ಮುನಿಸ್ವಾಮಿ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದರು. ಜೇಬಿನಲ್ಲಿ ಅವರ ಮಗಳು ಯಶಶ್ರೀ ದುಂಡಗೆ ಬರೆದುಕೊಟ್ಟ ಕಾಗದವಿತ್ತು. 'ನನ್ನ ಅಜಾಗರೂಕತೆಯಿಂದ' ಎಂದು ಅದು ಶುರುವಾಗುತ್ತಿತ್ತು. ಕೈಲಾಸ್ ಅವರನ್ನು ಸೋಫಾದ ಮೇಲೆ, ತನ್ನ ಪಕ್ಕದಲ್ಲೇ ಕೂರಿಸಿಕೊಂಡ. ಕೆಂಪು ತೆರೆಯ ಮುಂದೆ ಇಬ್ಬರೂ ಬಗ್ಗಿ ಕುಳಿತರು.

ಒಂದು ಸಲ ಕೇಳಿ ಮುನಿಸ್ವಾಮಿ, "ಇನ್ನೊಂದ್ಸಲ ಹಾಕಪ್ಪ" ಎಂದರು. ಮೂರನೆಯ ಸಲ ಕೇಳುವಾಗ ಅವರ ಬಲಗಾಲು ಸೋಫಾದ ಅಡಿಯಿಂದ ಮೆಲ್ಲಗೆ ಮುಂದಕ್ಕೆ ಬಂತು.

"ಒತ್ತಿದೀನಿ" ಎಂದರು. "ಒತ್ತಿದೀನಲ್ಲಮ್ಮ."

"ಒತ್ತಿದೀರಿ ಮುನಿಸ್ವಾಮಿ."

"ತಪ್ಪಾಯ್ತು ಮುನಿಯಣ್ಣ" ಎಂದ ಕೈಲಾಸ್, ಅವರ ಮುಖ ನೋಡದೆ.

ಮಂಗಳವಾರದ್ದನ್ನೂ ಕೇಳಿಸಿದ ಮೇಲೆ ಮುನಿಸ್ವಾಮಿ ಅಂಗೈ ನೋಡಿಕೊಂಡರು. "ಆ ಹುಡುಗಿ ನಮ್ಮ ಯಶಶ್ರೀ ವಯಸ್ಸಿನೋಳು. ಅವಳ ಹೆಸ್ರು ಬರೀಲೇಬೇಕೇನಮ್ಮ?"

"ನಿಮ್ಮ ಹೆಸರು ತೆಗೀಬೇಕಾದ್ರೆ ನಡೆದದ್ದೆಲ್ಲಾ ಬರೀಬೇಕು. ನನ್ನ ಹೆಸರೂ ಬರೆದಿದೀನಿ" ಎಂದು ಸರ್ವಮಂಗಳಮ್ಮ ಎರಡು ಹಾಳೆ ತೋರಿಸಿದರು. ಕುಂಕುಮ ಇಟ್ಟದ್ದರಿಂದ ಶುರುವಾಗಿತ್ತು ಅದು. ಮುನಿಸ್ವಾಮಿ ಜೇಬಿನ ಕಾಗದವನ್ನು ತೆಗೆದು, ಹರಿಯದೆ, ನಾಲ್ಕಾಗಿ ಮಡಚಿ ಮೇಜಿನ ಮೇಲಿಟ್ಟರು. ಮಗಳ ಅಕ್ಷರವಲ್ಲವೇ.

ಕೈಲಾಸ್ ಬೈಕಿನಲ್ಲಿ ಮುಂದೆ ಹೋದ. ಇವರಿಬ್ಬರೂ ಆಟೋ ಹತ್ತಿದರು. ಸರ್ವಮಂಗಳಮ್ಮ ಕೈಚೀಲವನ್ನು ಎರಡೂ ಕೈಯಲ್ಲಿ ಹಿಡಿದು, ಠಾಣೆಯ ಬಾಗಿಲಲ್ಲಿ ಆ ಹುಡುಗಿ ನಿಂತಿದ್ದರೆ ಅವಳ ಮುಖ ಹೇಗೆ ನೋಡುವುದು, ನಿಂತಿರದಿದ್ದರೆ ತನಗೆ ಹೇಗಾಗುವುದು ಎಂದು ಯೋಚಿಸುತ್ತಿದ್ದರು.

ಮುಂದೆ ಸಿಗ್ನಲ್ಲು ಕೆಂಪಾಯಿತು. ಆಟೋದವನು ಇನ್ನೂ ವೇಗ ತಗ್ಗಿಸಿರಲಿಲ್ಲ. ಅಷ್ಟರಲ್ಲಿ ಪಕ್ಕದಲ್ಲಿ ಮುನಿಸ್ವಾಮಿಯ ಬಲಗಾಲು, ಬರಿಯ ತಗಡಿನ ಮೇಲೆ, ಬ್ರೇಕು ಇರಬೇಕಾದ ಜಾಗವನ್ನು ಗಟ್ಟಿಯಾಗಿ ಒತ್ತಿ ಹಿಡಿದಿತ್ತು. ಅದು ಅವರಿಗೆ ಗೊತ್ತಿರಲಿಲ್ಲ.