ಶಿವನಾಮದ ಬುಟ್ಟಿ

ಐವತ್ತೆರಡನೆಯ ಇಸವಿಯಲ್ಲಿ ನನ್ನ ಹೆಂಡತಿ ನೀಲವ್ವ ಶಿವನ ಪಾದ ಸೇರಿದಳು. ಮರುದಿನವೇ ನಾನು ಹರಕೆ ಹೊತ್ತೆ. ವರ್ಷ ತುಂಬುವುದರೊಳಗೆ ಲಕ್ಷ ಸಲ ಶಿವನಾಮ ಬರೆದು, ಆ ಪುಸ್ತಕಗಳನ್ನು ಮಲಪ್ರಭೆಗೆ ಬಿಡಬೇಕು. ಪುಣ್ಯ ಅವಳಿಗೆ ಸಲ್ಲಬೇಕು. ಹೇಳಿದರೆ ಫಲ ಕಡಿಮೆಯಾದೀತೆಂದು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ದಿನಾ ಪೂಜೆಯಾದ ಮೇಲೆ, ಮಗ್ಗಕ್ಕೆ ಕೂಡುವ ಮೊದಲು, ನೀಲಿ ಶಾಯಿಯಲ್ಲಿ ಬರೆಯುತ್ತಿದ್ದೆ. ಹನ್ನೊಂದು ತಿಂಗಳಿಗೆ ಮುಗಿಯಿತು.

ಬರೆದ ಕಾಗದವೆಂದರೆ ಸರಸ್ವತಿ. ಒಲೆಗೆ ಹಾಕಬಾರದು, ತಿಪ್ಪೆಗೆ ಎಸೆಯಬಾರದು, ಕಾಲು ತಾಗಿಸಬಾರದು. ಸೊಸೆ ದ್ರಾಕ್ಷಾಯಣಿಗೆ ಈ ಉಪದೇಶವನ್ನು ಮನೆ ತುಂಬಿದ ದಿನದಿಂದಲೂ ಮಾಡಿದ್ದೆ. ಓದು ಬಾರದವಳು, ಆದರೆ ಹೇಳಿದ್ದನ್ನು ಮರೆಯುವವಳಲ್ಲ.

ನರಗುಂದದ ತಂಗಿಯ ಮನೆಯಲ್ಲಿ ಎಂಟು ದಿನ ಇದ್ದು ಗಜೇಂದ್ರಗಡಕ್ಕೆ ಮರಳಿದಾಗ, ಗೋಡೆಯ ಮಾಡಿನಲ್ಲಿ ಇಟ್ಟಿದ್ದ ಪುಸ್ತಕಗಳಿರಲಿಲ್ಲ.

“ಎಲ್ಲಿಟ್ಟೀಯವ್ವಾ?”

“ಗೆದ್ದಲ ಹತ್ತಿತ್ರಿ ಮಾವಾರ. ಹಾಳಿ ಎಲ್ಲಾ ತುಂಬಿದ್ದುವು, ಬರಿಯಾಕ ಜಾಗಾನ ಇರಲಿಲ್ಲ. ಒಲಿಗೆ ಹಾಕಬ್ಯಾಡ, ತಿಪ್ಪಿಗೆ ಒಗಿಬ್ಯಾಡ ಅಂತ ನೀವ ಅಂದೀರಿ. ಅದಕ್ಕ ನೆನಿಹಾಕಿ ಬುಟ್ಟಿ ಮಾಡೇನ್ರಿ. ಕಾಲು ಸೈತ ತಾಗಿಸಿಲ್ರಿ!”

ಅಂಗಳದಲ್ಲಿ ಬೋರಲು ಹಾಕಿದ ಕೊಡದ ಮೇಲೆ ಬುಟ್ಟಿ ಬಿಸಿಲಿಗೆ ಒಣಗುತ್ತಿತ್ತು. ನಾಲ್ಕು ದಿನ ನೀರಿನಲ್ಲಿ ಕೊಳೆತ ಕಾಗದಕ್ಕೆ ಮೆಂತ್ಯ ಸೇರಿಸಿ ಕುಟ್ಟಿ, ಕೊಡದ ಮೈಗೆ ಬಳಿದಿದ್ದಳು. ಶಾಯಿ ಕರಗಿ ಬುಟ್ಟಿಯೆಲ್ಲ ತೆಳು ನೀಲಿ. ಲಕ್ಷದಲ್ಲಿ ಒಂದು ನಾಮವೂ ಓದುವ ಹಾಗಿರಲಿಲ್ಲ. ಬೈಯಲು ಬಾಯಿ ತೆರೆದೆ. ಬೈಯಬೇಕಾದದ್ದು ನನ್ನ ಉಪದೇಶವನ್ನೇ ಆದ್ದರಿಂದ ಮುಚ್ಚಿದೆ.

ಬುಟ್ಟಿ ಹಿಡಿದುಕೊಂಡೇ ನಮ್ಮ ಮಠದ ಬಸಯ್ಯನವರ ಬಳಿ ಹೋಗಿ, ಎಲ್ಲ ಹೇಳಿ ಅತ್ತೆ.

“ಹೊಳಿಗೆ ಬಿಟ್ಟಿದ್ದರ ಏನ ಆಗತಿತ್ತೋ, ಗುರುಸಂಗಪ್ಪ?”

“ನೀರಾಗ ಕರಗತಿತ್ರಿ, ಅಯ್ನಾರ.”

“ನಿನ್ನ ಸೊಸಿ ಹಂಡೇದಾಗ ಕರಗಿಸ್ಯಾಳ. ನಿನಗ ಹೊಳಿತನಕ ನಡಿಯೂದು ತಪ್ಪಿತು. ಹರಕಿ ಮುಟ್ಟೇತಿ, ಹೋಗು.”

ಎದೆ ಹಗುರವಾಯಿತು. ಅಷ್ಟರಲ್ಲಿ ಅಯ್ಯನವರು ಬುಟ್ಟಿಯನ್ನು ತಮ್ಮ ಬದಿಗೆ ಎಳೆದುಕೊಂಡರು. “ಶಿವಗ ಕೊಟ್ಟದ್ದು, ಮಠದಾಗ ಇರಲಿ. ರೊಟ್ಟಿ ಇಡಾಕ ಭಾಳ ಚಲೋ ಐತಿ.”

ಮಾತು ನ್ಯಾಯವಾಗಿಯೇ ಇತ್ತು. ಹೊಳೆಯ ಪಾಲು ಮಾಡಲು ಸಿದ್ಧನಿದ್ದವನು ನಾನೇ. ಆದರೆ ಬುಟ್ಟಿಯಿಂದ ಹಸಿ ಮೆಂತ್ಯದ ವಾಸನೆ ಬರುತ್ತಿತ್ತು. ಬೇಸಿಗೆಯುದ್ದಕ್ಕೂ ಬುಟ್ಟಿ ಮಾಡುತ್ತಿದ್ದ ನೀಲವ್ವನ ಕೈಗೂ ಇದೇ ವಾಸನೆ.

“ಇನ್ನೂ ಹಸಿ ಐತ್ರಿ ಅಯ್ನಾರ. ಒಣಗಿದ ಮ್ಯಾಲೆ ತರತೇನಿ,” ಎಂದು ಎತ್ತಿಕೊಂಡು ಬಂದೆ.

ನಾಲ್ಕು ವರ್ಷವಾಯಿತು. ಅಯ್ಯನವರು ಕೇಳಿದಾಗಲೆಲ್ಲ ಇನ್ನೂ ಹಸಿ ಇದೆ ಎನ್ನುತ್ತೇನೆ. ಲಕ್ಷ ನಾಮ ಬರೆದವನಿಗೆ ಸುಳ್ಳು ಹೇಳುವುದು ಇಷ್ಟು ಸುಲಭವೆಂದು ನನಗೆ ತಿಳಿದಿರಲಿಲ್ಲ.